ಎರಡನೆಯ ಮಹಡಿಯಲ್ಲಿ ಬರಿಗಾಲು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ವೇದಿಕೆಯ ಮೇಲಿರುವ ಗಣ್ಯರೇ, ಮಕ್ಕಳು ಸರ್ಟಿಫಿಕೇಟು ಪಡೆಯುವುದನ್ನು ನೋಡಲು ಕೆಲಸಕ್ಕೆ ರಜೆ ಹಾಕಿ ಬಂದಿರುವ ತಂದೆತಾಯಂದಿರೇ, ಇಂದಿನಿಂದ ಲಿಫ್ಟ್ ಮೆಕ್ಯಾನಿಕ್ ಎಂದು ಕರೆಸಿಕೊಳ್ಳಲಿರುವ ನನ್ನ ಹದಿನೇಳು ಮಂದಿ ಪ್ರೀತಿಯ ವಿದ್ಯಾರ್ಥಿಗಳೇ, ಸಭಿಕರೇ,

ಮೊದಲಿಗೆ ಒಂದು ಕ್ಷಮೆ ಕೇಳಬೇಕು. ನಾನು ಬರಿಗಾಲಲ್ಲಿ ವೇದಿಕೆ ಹತ್ತಿದ್ದನ್ನು ತಾವೆಲ್ಲ ಗಮನಿಸಿದ್ದೀರಿ. ಮುಂದಿನ ಸಾಲಿನ ತಾಯಿಯೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ್ದೂ ನನಗೆ ಕಂಡಿತು. ನನ್ನ ಷೂಗಳು ಕೆಳಗೆ ಲಿಫ್ಟಿನ ಬಾಗಿಲ ಬಳಿ ಇವೆ. ಮರೆತು ಬಂದಿಲ್ಲ, ಬೇಕೆಂದೇ ಬಿಟ್ಟು ಬಂದಿದ್ದೇನೆ. ಏಕೆಂದು ಹೇಳಿದರೆ ನನ್ನ ಭಾಷಣ ಮುಗಿದಂತೆ. ಪ್ರಾಂಶುಪಾಲರು ಹತ್ತು ನಿಮಿಷ ಕೊಟ್ಟಿದ್ದಾರೆ. ಲಿಫ್ಟಿನವನಿಗೆ ಏರಿಸುವುದು ಎಷ್ಟು ಗೊತ್ತೋ ನಿಲ್ಲಿಸುವುದೂ ಅಷ್ಟೇ ಗೊತ್ತಿರಬೇಕಷ್ಟೆ.

ಕಳೆದ ವಾರ ನಿಮ್ಮಲ್ಲೇ ಒಬ್ಬಳು, ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತ ನನ್ನನ್ನು ಕೇಳಿದಳು: "ಸಾರ್, ನೀವು ದೇವ್ರನ್ನ ನಂಬ್ತೀರಂತಲ್ಲ, ನಮ್ಮ ಕೆಲ್ಸದಲ್ಲಿ ಅದು ಎಲ್ಲಿ ಬರುತ್ತೆ?" ನಾನು "ಸಮಾರಂಭದ ದಿನ ಹೇಳ್ತೀನಮ್ಮ" ಎಂದು ಜಾರಿಕೊಂಡೆ. ಇಂದು ಜಾರುವಂತಿಲ್ಲ.

ನನಗೆ ಈ ಕಸುಬು ಕಲಿಸಿದ ಮೇಸ್ತ್ರಿಯವರನ್ನು ಎಲ್ಲರೂ ಬರಿಗಾಲ ಮೇಸ್ತ್ರಿ ಎನ್ನುತ್ತಿದ್ದರು. ರಿಪೇರಿ ಮುಗಿದ ಮೇಲೆ ಅವರು ಚಪ್ಪಲಿ ಬಿಚ್ಚಿ ಲಿಫ್ಟಿನೊಳಗೆ ಹೋಗಿ ಕಣ್ಣು ಮುಚ್ಚುತ್ತಿದ್ದರು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದಾಗ ಒಂದು ಪಾದ ಒಳಗೆ, ಒಂದು ಪಾದ ಹೊರಗೆ ಇಟ್ಟು ಕ್ಷಣಕಾಲ ಸುಮ್ಮನೆ ನಿಲ್ಲುತ್ತಿದ್ದರು. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಬೆಳಿಗ್ಗೆ ಸಂಜೆ ತಪ್ಪದೆ ಪ್ರಾರ್ಥನೆ ಮಾಡುವ ಮಹಾಭಕ್ತ ನಾನು. ಮೇಸ್ತ್ರಿಯೋ ಪ್ರಾರ್ಥನಾ ಮಂದಿರದ ಕಡೆ ತಲೆ ಹಾಕಿದವರಲ್ಲ. ಹಾಗಾದರೆ ಇದೇನು? ಗುಟ್ಟಿನ ಧ್ಯಾನವೇ? ಯಾವುದಾದರೂ ಹರಕೆಯೇ? ಒಂದು ವರ್ಷ ತಲೆ ಕೆರೆದುಕೊಂಡು ಕೊನೆಗೆ ಕೇಳಿಯೇ ಬಿಟ್ಟೆ.

"ಮೇಸ್ತ್ರಿ, ಒಳಗೆ ಹೋದಾಗ ಯಾವ ದೇವ್ರನ್ನ ನೆನೀತೀರಿ?"

"ಚಪ್ಪಲಿ ಇದ್ರೆ ಕಾಲಿಗೆ ಗೊತ್ತಾಗಲ್ಲ ಕಣೋ. ಎರಡೂ ನೆಲ ಸಮ ಇದೆಯೋ ಇಲ್ವೋ ಅಂತ ನೋಡ್ತೀನಿ. ಕಣ್ಣು ತೆರೆದಿದ್ರೆ ಕಣ್ಣು ಸುಳ್ಳು ಹೇಳುತ್ತೆ."

"ಅಷ್ಟೇನಾ?"

"ಯಾಕೆ, ಅದು ಕಮ್ಮಿ ಆಯ್ತಾ ನಿಂಗೆ?"

ಕಮ್ಮಿ ಆಯಿತು. ಸತ್ಯ ಹೇಳಬೇಕೆಂದರೆ ನನಗೆ ನಿರಾಶೆಯೇ ಆಯಿತು.

ಇಲ್ಲಿಂದ ಮುಂದಿನದು ನಾನು ಬರೆದು ತಂದ ಹಾಳೆಯಲ್ಲಿಲ್ಲ. ಆದರೂ ಹೇಳುತ್ತೇನೆ.

ಒಂದು ಸಂಜೆ ಮೇಸ್ತ್ರಿ ರಜೆಯಲ್ಲಿದ್ದರು. ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರಲ್ಲಿ ಲಿಫ್ಟಿನ ಬ್ರೇಕು ಸರಿಪಡಿಸಲು ನಾನೊಬ್ಬನೇ ಹೋಗಿದ್ದೆ. ಆರು ಗಂಟೆಗೆ ಪ್ರಾರ್ಥನೆ, ಹಾಡು ನನ್ನದೇ. ಐದೂವರೆಗೆ ಷೂ ಹಾಕಿಕೊಂಡೇ ಒಮ್ಮೆ ಮೇಲೆ ಹೋಗಿ ಬಂದೆ. ನಾಲ್ಕನೆಯ ಮಹಡಿಯಲ್ಲಿ ಲಿಫ್ಟು ಒಂದು ಬೆರಳಿನಷ್ಟು ತಗ್ಗಿನಲ್ಲಿ ನಿಂತಿತು. ಅದು ನನಗೆ ಕಾಣಲಿಲ್ಲವೇ? ಕಂಡಿತು. ನಾಳೆ ನೋಡಿದರಾಯಿತು ಎಂದುಕೊಂಡು, ಕೆಲಸ ಪೂರ್ತಿಯಾಗಿದೆ ಎಂದು ಸಹಿ ಹಾಕಿ ಓಡಿದೆ. ಅಂದು ಬಹಳ ಚೆನ್ನಾಗಿ ಹಾಡಿದೆನಂತೆ. ಹತ್ತು ಜನ ಬೆನ್ನು ತಟ್ಟಿದರು. ಅದೇ ಹೊತ್ತಿಗೆ ಆ ಮಹಡಿಯ ಅಜ್ಜಿ, ಟೈಪಿಂಗ್ ಕಲಿಸಿ ನಿವೃತ್ತರಾದವರು, ತರಕಾರಿ ಚೀಲ ಹಿಡಿದು ಲಿಫ್ಟಿನಿಂದ ಹೊರಗೆ ಕಾಲಿಟ್ಟರು. ಹೆಬ್ಬೆರಳು ಅಂಚಿಗೆ ತಗುಲಿತು. ಸೊಂಟ ಮುರಿಯಿತು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ನನ್ನೊಂದಿಗೆ ಅಲ್ಲಿಗೆ ಬಂದರು. ಸಹಿ ಯಾರದೆಂದು ಕೇಳಲಿಲ್ಲ. ಚಪ್ಪಲಿ ಬಿಚ್ಚಿದರು. "ನೀನೂ ಬಿಚ್ಚು" ಎಂದರು. ಎರಡು ಗಂಟೆ ಕೆಲಸ ಮಾಡಿದೆವು. ಹಿಂದಿರುಗುವಾಗ ಒಂದೇ ಮಾತು ಆಡಿದರು: "ನಿನ್ನೆ ಹಾಡು ಚೆನ್ನಾಗಿತ್ತಂತಲ್ಲ."

ಸಭಿಕರೇ, ಮೂವತ್ತೆಂಟು ವರ್ಷಗಳಲ್ಲಿ ಯಾವ ಉಪದೇಶವೂ ನನ್ನನ್ನು ಅಷ್ಟು ಚುಚ್ಚಿಲ್ಲ.

ಆ ಬಳಿಕ ಹನ್ನೊಂದು ವರ್ಷ, ಅಜ್ಜಿ ತೀರಿಕೊಳ್ಳುವವರೆಗೆ, ನಾನು ವಾರಕ್ಕೊಮ್ಮೆ ಅವರ ಮನೆಗೆ ಹೋದೆ. ಔಷಧಿ ತಂದುಕೊಟ್ಟೆ, ಪತ್ರಿಕೆ ಓದಿ ಹೇಳಿದೆ, ಬಲ್ಬು ಬದಲಿಸಿದೆ. "ದೇವ್ರು ಸೊಂಟ ಮುರಿದ್ರೂ ನಿನ್ನಂಥ ಮಗನ್ನ ಕಳಿಸ್ದ ನೋಡಪ್ಪ" ಎನ್ನುತ್ತಿದ್ದರು. ತಲೆ ಎತ್ತದೆ ಬಲ್ಬು ಹಾಕುವುದು ಬಹಳ ಕಷ್ಟ, ನಾನು ಹಾಕಿದ್ದೇನೆ. ಆ ಸಹಿ ನನ್ನದೆಂದು ಅವರಿಗೆ ಕೊನೆಗೂ ಹೇಳಲಿಲ್ಲ. ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿಗೂ ಇದು ಹೊಸ ಸುದ್ದಿ. ಮನೆಗೆ ಹೋದ ಮೇಲೆ ನನಗೊಂದು ವಿಚಾರಣೆ ಕಾದಿದೆ.

ಆ ಹನ್ನೊಂದು ವರ್ಷ ನನ್ನನ್ನು ನಡೆಸಿದ್ದು ಭಕ್ತಿಯೋ ಭಯವೋ? ಇಂದಿಗೂ ಕೇಳಿಕೊಳ್ಳುತ್ತೇನೆ, ಇಂದಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಕಳೆದ ವಾರ ಪ್ರಶ್ನೆ ಕೇಳಿದ ಮಗಳೇ, ನಾನು ನಂಬುತ್ತೇನೆ. ಈಗಲೂ ಬೆಳಿಗ್ಗೆ ಪ್ರಾರ್ಥಿಸುತ್ತೇನೆ. ಆದರೆ ಬೆಳಿಗ್ಗೆ ಆರಂಭಿಸಿದ ಆ ಪ್ರಾರ್ಥನೆ ಮುಗಿಯುವುದು ಸಂಜೆ, ಯಾವುದೋ ಕಟ್ಟಡದ ಕೊನೆಯ ಮಹಡಿಯಲ್ಲಿ, ಬರಿಗಾಲಲ್ಲಿ. ಊರಿನಲ್ಲಿ ಎಡವುವವರನ್ನೆಲ್ಲ ಹಿಡಿದು ನಿಲ್ಲಿಸಲು ನನ್ನಿಂದಾಗದು. ನನ್ನ ಪಾಲಿಗೆ ಬಂದಿರುವುದು ಆರು ಜನ ನಿಲ್ಲುವಷ್ಟು ಜಾಗ. ಅಲ್ಲಿ ಯಾರೂ ಎಡವಬಾರದು.

ಈಗ ಷೂಗಳ ವಿಷಯ. ಈ ಕಟ್ಟಡದ ಲಿಫ್ಟನ್ನು ಈ ವಾರ ಸರಿಪಡಿಸಿದವರು ನೀವು. ಈ ಸಭಾಂಗಣಕ್ಕೆ ನಾನು ಅದರಲ್ಲೇ ಬಂದೆ, ಒಂದೊಂದು ಮಹಡಿಯಲ್ಲೂ ನಿಂತು. ನೆಲಮಹಡಿಯಲ್ಲಿ, ಮೊದಲನೆಯದರಲ್ಲಿ, ಮೂರನೆಯದರಲ್ಲಿ ನನ್ನ ಪಾದಕ್ಕೆ ಏನೂ ಸಿಗಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಸಂತೋಷವನ್ನು ಹೇಗೆ ಹೇಳಲಿ? ಎರಡನೆಯದರಲ್ಲಿ ಮಾತ್ರ ಒಂದು ಉಗುರಿನ ದಪ್ಪದಷ್ಟು ಏರುತಗ್ಗು ಸಿಕ್ಕಿತು. ನಿಯಮದ ಮಿತಿಯೊಳಗೇ ಇದೆ. ಯಾವ ಪರೀಕ್ಷಕರೂ ಅಂಕ ಕಳೆಯುವುದಿಲ್ಲ. ಅದು ಯಾರ ಕೆಲಸವೆಂದು ನಾನು ಕೇಳುವುದಿಲ್ಲ.

ಸರ್ಟಿಫಿಕೇಟು ವಿತರಣೆ ಮುಗಿದ ಮೇಲೆ ನಾನು ಸ್ಪ್ಯಾನರಿನ ಚೀಲದೊಂದಿಗೆ ಎರಡನೆಯ ಮಹಡಿಯಲ್ಲಿರುತ್ತೇನೆ. ಯಾರು ಬರುತ್ತಾರೆ, ಒಬ್ಬರೋ ಹದಿನೇಳೋ, ಎಂಬ ಕುತೂಹಲ ನನಗಿದೆ. ಬರುವವರು ಚಪ್ಪಲಿ ಬಿಟ್ಟು ಬನ್ನಿ. ಅಲ್ಲಿಯವರೆಗೆ ಆ ಮಹಡಿಯಲ್ಲಿ ಇಳಿಯುವ ಹಿರಿಯರು ದಯವಿಟ್ಟು ಕಾಲ ಕೆಳಗೆ ನೋಡಿಕೊಂಡು ಇಳಿಯಿರಿ.

ಹಾಳೆಯಲ್ಲಿಲ್ಲದ್ದನ್ನೂ ಸಹನೆಯಿಂದ ಕೇಳಿದ ತಮಗೆಲ್ಲ ನನ್ನ ಹೃತ್ಪೂರ್ವಕ ಧನ್ಯವಾದಗಳು. ನಮಸ್ಕಾರ.