ಏರಿನಲ್ಲಿ ಇಳಿಯುವ ದಲಂದಾ

ಮಳೆ ಹಿಡಿದು ಕೂತಿತ್ತು. ಮುಂದೆ ಲಾಬೆಯ ರಸ್ತೆಯಲ್ಲಿ ಮಣ್ಣು ಕುಸಿದಿದೆ, ತೆಗೆಯುವವರೆಗೆ ಗಾಡಿ ಬಿಡುವುದಿಲ್ಲ ಎಂಬ ಸುದ್ದಿ ಬಂದಿದ್ದರಿಂದ, ಕೆಳಗಿನ ಮಾಮು ಪಟ್ಟಣದಿಂದ ಬಂದ ಪ್ರಯಾಣಿಕರೆಲ್ಲ ದಲಾಬಾ ನಿಲ್ದಾಣದ ತಗಡಿನ ಸೂರಿನಡಿ ಊಟ ಮಾರುವ ತಕ್ಕೋ ಅಜ್ಜಿಯ ಒಲೆಯ ಸುತ್ತ ಮುದುರಿಕೊಂಡಿದ್ದರು. ಅಜ್ಜಿ ಕಡಲೆಕಾಯಿ ಸಾರು ಕಲಕುತ್ತ, "ಈಗ ಆ ಏರು ಹತ್ತಿ ಬಂದಿರಲ್ಲ... ಅಲ್ಲೇ ಆಗಿದ್ದು. ಕೇಳ್ತೀರಾ?" ಎಂದಳು. ಬೇಡ ಎನ್ನುವವರು ಯಾರಿದ್ದರು?

ಯೆರೊ ಎಂಬವನಿದ್ದ. ಹಿಂದೆ ಎರಡು ಸಾಲು ಸೀಟಿದ್ದ, ಅಪ್ಪನ ಕಾಲದ ಹಳೆಯ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದ. ಮೊಸರು ಮಾರುವ ದಲಂದಾ ಮುದುಕಿ ಮಾಮುವಿನ ಸಂತೆ ಮುಗಿಸಿ ಅವನ ಕಾರಿನಲ್ಲೇ ಊರಿಗೆ ಮರಳುತ್ತಿದ್ದಳು. ಕಾರು ಎಷ್ಟೇ ತುಂಬಿರಲಿ, ಯೆರೊ ಅವಳನ್ನು ದಾರಿಯಲ್ಲಿ ಬಿಟ್ಟು ಬಂದವನಲ್ಲ. ಒಂದು ಮಳೆಗಾಲ ಅವಳು ಜ್ವರ ಬಂದು ಮಾಮುವಿನಲ್ಲೇ ತೀರಿಕೊಂಡಾಗ, ಶವವನ್ನೂ ಅವನೇ ಅದೇ ಕಾರಿನಲ್ಲಿ ಊರಿಗೆ ತಂದ.

ಕಾರು ಕೆಟ್ಟದ್ದು ಅದಾದ ಮೇಲೆ. ಹೊರಟಾಗ ಚೆನ್ನಾಗಿಯೇ ಇರುತ್ತಿತ್ತು. ಏರು ಬಂತೆಂದರೆ ಶುರು... ಪೆಡಲು ಒತ್ತಿದರೆ ಎಂಜಿನ್ನು ಕಿವುಡರಂತೆ ಸುಮ್ಮನಿರುವುದು, ಆಮೇಲೆ ಹಗ್ಗ ಬಿಚ್ಚಿದ ಹೋರಿಯಂತೆ ನುಗ್ಗುವುದು, ಮತ್ತೆ ಉಸಿರು ಕಟ್ಟಿದಂತೆ ತಗ್ಗಿ ನಿಂತೇಬಿಡುವುದು. ನಿಂತ ಕೂಡಲೇ ಹಿಂದಿನ ಸೀಟಿನಿಂದ ಒಂದು ದನಿ: "ಸ್ವಲ್ಪ ಇಳಿಸಪ್ಪ, ಮಗ." ಯಾರ ದನಿ ಎಂದು ಬೇರೆ ಹೇಳಬೇಕೆ? ಬಾಗಿಲು ತೆರೆದುಕೊಳ್ಳುತ್ತಿತ್ತು. ಯಾರೋ ಹಿಂದಕ್ಕೆ ನಡೆದು ಹೋದಂತಾಗುತ್ತಿತ್ತು. ಯೆರೊ ತಿರುಗಿ ನೋಡದೆ ಕೀಲಿ ತಿರುಗಿಸಿದರೆ ಎಂಜಿನ್ನು ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

ಮೆಕ್ಯಾನಿಕ್ ದೆಂಬಾ ಕಾರ್ಬುರೇಟರ್ ಬಿಚ್ಚಿ ತೊಳೆದ, ಫಿಲ್ಟರ್ ಬದಲಿಸಿದ, ಪ್ಲಗ್ಗು ಉಜ್ಜಿದ, ಪೆಟ್ರೋಲ್ ಪಂಪನ್ನೂ ಹೊಸದು ಹಾಕಿದ. ಅವನ ಅಂಗಳದಲ್ಲಿ ಕಾರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಏರಿನಲ್ಲಿ ಮತ್ತದೇ ಕತೆ. ಸತ್ತವಳೇ ಕಾರು ನಿಲ್ಲಿಸುತ್ತಾಳೆ ಎಂದು ಜನ ಆಡಿಕೊಂಡರು, ಹತ್ತುವುದನ್ನೇ ಬಿಟ್ಟರು. ಯೆರೊ ಸ್ಟೇರಿಂಗಿಗೆ ತಾಯಿತ ಕಟ್ಟಿಸಿದ. ದನಿ ನಿಲ್ಲಲಿಲ್ಲ. ಕೊನೆಗೆ, ಹಳೆಯ ಎಂಜಿನ್ನು ಕರಗಿಸಿ ಅಡುಗೆಯ ಪಾತ್ರೆ ಎರಕ ಹೊಯ್ಯುವವನೊಬ್ಬ ದಲಾಬಾದಲ್ಲಿದ್ದ, ಕಾರನ್ನು ಅವನಿಗೇ ಕೊಟ್ಟುಬಿಡುವುದೆಂದು ನಿಶ್ಚಯಿಸಿದ.

ಹಾಗೆ ಕೊಡಲು ಒಬ್ಬನೇ ಹೊರಟಿದ್ದ. ನಡುಮಧ್ಯಾಹ್ನವಾದರೂ ಏರಿನಲ್ಲಿ ಮಂಜು ಕವಿದಿತ್ತು. ಕಾರು ಮುಗ್ಗರಿಸಿತು, ನುಗ್ಗಿತು, ನಿಂತಿತು.

"ಸ್ವಲ್ಪ ಇಳಿಸಪ್ಪ, ಮಗ."

ಆ ದಿನ ಅವನಿಗೆ ಹೆದರಿಕೆಗಿಂತ ಸಂಕಟವೇ ಹೆಚ್ಚಾಗಿತ್ತು. ಅಪ್ಪನ ಕಾರು ಪಾತ್ರೆಯಾಗುವುದೇ ಆದರೆ ಒಂದು ಮಾತು ಕೇಳಿಯೇಬಿಡುತ್ತೇನೆ ಎಂದು ಇಳಿದು ಹಿಂದಕ್ಕೆ ಹೋದ. "ನಿಂಗೇನು ಕಮ್ಮಿ ಮಾಡಿದ್ದೆ ತಾಯಿ? ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

ಮಂಜಿನೊಳಗಿಂದ ಸುಕ್ಕುಗಟ್ಟಿದ ಕೈಯೊಂದು ಚಾಚಿ ಬಂದು... ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸುತ್ತಿತ್ತು. ಮುಚ್ಚಳ ಸಡಿಲವಾದದ್ದೇ ತಡ, ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು, ನೀರಿನಲ್ಲಿ ಮುಳುಗಿದ್ದವನು ತಲೆ ಮೇಲೆತ್ತಿ ಉಸಿರೆಳೆದಂತೆ. ಮರುಕ್ಷಣ ಕೈಯಿಲ್ಲ. ಮಂಜು ಮಾತ್ರ.

ಯೆರೊ ಹಾಗೆಯೇ ನಿಂತ. ಮುದುಕಿ ತೀರಿಕೊಂಡ ಮಳೆಗಾಲದಲ್ಲೇ ಹಳೆಯ ಮುಚ್ಚಳ ಎಲ್ಲೋ ಬಿದ್ದುಹೋಗಿ, ಬೇರೆ ಯಾವುದೋ ಕಾರಿನ ಮುಚ್ಚಳವನ್ನು ಬಿಗಿಯಾಗಿ ಕೂರಿಸಿದ್ದು ಆಗ ನೆನಪಾಯಿತು. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಹೋಗಬೇಕು. ಹೋಗಲು ದಾರಿಯೇ ಇರಲಿಲ್ಲ. ಮುದುಕಿ ಕಾರು ನಿಲ್ಲಿಸುತ್ತಿರಲಿಲ್ಲ. ನಿಂತ ಕಾರನ್ನು ಪ್ರತಿಸಲವೂ ಹೊರಡಿಸುತ್ತಿದ್ದಳು! ಅವನು ಅವಳನ್ನೇ ಓಡಿಸಲು ತಾಯಿತ ಕಟ್ಟಿದ್ದ. ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟ. ಆಮೇಲೆ ಎದ್ದು ತಾಯಿತ ಬಿಚ್ಚಿದ, ಮುಚ್ಚಳ ಅರ್ಧವೇ ತಿರುಗಿಸಿ ಸಡಿಲ ಬಿಟ್ಟ. ಎರಕದವನ ಮನೆ ದಾಟಿ ಸೀದಾ ದೆಂಬಾನ ಬಳಿಗೆ ಹೋದ. ಕಾರು ಒಮ್ಮೆಯೂ ಬಿಕ್ಕಲಿಲ್ಲ.

"ಇಷ್ಟು ದಿನ ಗಂಟಲಿಗೆ ಔಷಧಿ ಹಾಕಿದ್ನಲ್ಲೋ," ಎಂದು ದೆಂಬಾ ಹಣೆ ಚಚ್ಚಿಕೊಂಡ, "ಮೂಗು ಕಟ್ಟಿರೋದು ಕಾಣಲೇ ಇಲ್ಲ." ಮುಚ್ಚಳಕ್ಕೆ ಸೂಜಿ ಹೋಗುವಷ್ಟು ತೂತು ಕೊರೆದ. ಯೆರೊ ದಲಂದಾಳ ಹೆಸರಿನಲ್ಲಿ ಊರಿಗೆಲ್ಲ ಅಡಿಕೆಯಂತೆ ಅಗಿಯುವ ಕೋಲಾ ಕಾಯಿ ಹಂಚಿ, ಅವಳ ಗೋರಿಯ ಬಳಿ ಕೂತು ಪ್ರಾರ್ಥಿಸಿ ಕ್ಷಮೆ ಕೇಳಿದ. ಜನ ಮತ್ತೆ ಹತ್ತಿದರು. ಆ ಕಾರು ಈಗಲೂ ಓಡುತ್ತಿದೆ.

"ಅವನ ಕಾರಲ್ಲಿ ದನಿ ನಿಂತೋಯ್ತು," ಎಂದಳು ಅಜ್ಜಿ, ಬಟ್ಟಲಿಗೆ ಸಾರು ಸುರಿಯುತ್ತ. "ಅಲ್ಲಿ ಅವಳಿಗೇನು ಕೆಲಸ? ಆದ್ರೆ ದಾರೀಲಿ ಹಳೇ ಗಾಡಿಗಳಿಗೇನು ಬರವೇ..."

ತುಂಬಿದ ಬಟ್ಟಲು ಎದುರಿನವರ ಕೈ ಸೇರಿತು. ಆಮೇಲೆ ಅಜ್ಜಿ ಮೆಲ್ಲಗೆ ಕೇಳಿದಳು:

"ನಿಮ್ಮ ಗಾಡೀನೂ ಇವತ್ತು ಏರಲ್ಲಿ ನಿಂತಿತ್ತು ಅಂತ ನಿಮ್ಮ ಡ್ರೈವರ್ ಅಂದ. ನಿಂತಾಗ ಹಿಂದಿನ ಸೀಟಿಂದ ಮೊದಲು ಇಳಿದೋರು ಯಾರು?"

ನಾನಲ್ಲ, ನಾನಲ್ಲ ಎಂಬಂತೆ ಪ್ರಯಾಣಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.