ಅನ್ನದ ಮೇಲೆ ಬಿದ್ದ ಶೀಟಿನ ಧೂಳು

...ಅಲ್ಲ ಕಣ್ರೋ, ಅವನನ್ನ ದಡ್ಡ ಅಂದ್ರೆ ದಡ್ಡರಿಗೆ ಅವಮಾನ. ದಡ್ಡನಿಗಾದ್ರೆ ಬಿಡಿಸಿ ಹೇಳಿದ್ರೆ ಅರ್ಥ ಆಗತ್ತೆ. ಈ ವಿಕ್ಕಿಗೆ, ನಮ್ಮ ಮೆಸ್ ಇದ್ದ ಕಟ್ಟಡದ ಓನರ್ ತಂಗಿ ಮಗ, ಅವನಿಗೆ ಎಲ್ಲಾ ಮೊದ್ಲೇ ಗೊತ್ತು. ಅದೇ ಅವನ ರೋಗ. ನಿಮ್ಮ ತಾತ ರಿಟೈರಾಗಿ ಕಿದ್ವಾಯಿ ನಗರದ ಕ್ವಾರ್ಟರ್ಸ್ ಬಿಟ್ಮೇಲೆ ಕರೋಲ್ ಬಾಗ್‌ನಲ್ಲಿ ಮೆಸ್ ಶುರು ಮಾಡಿದ್ವಲ್ಲ, ಟೆರೇಸ್ ಮೇಲೆ, ಅರ್ಧ ಅಡುಗೆಮನೆ, ಅರ್ಧ ಊಟದ ಬೆಂಚು, ತಲೆ ಮೇಲೆ ಬೂದಿ ಬಣ್ಣದ ಅಲೆ ಅಲೆ ಶೀಟು. ಆಸ್ಬೆಸ್ಟಾಸು. ನಮ್ಮೂರ ಕಡೆಯಿಂದ ದಿಲ್ಲಿಗೆ ಓದೋಕೆ ಬಂದ ಮಕ್ಕಳೆಲ್ಲ ಅಲ್ಲೇ ಉಣ್ತಿದ್ರು. ಅದೇ ನಮ್ಮ ಜೀವನ ಆಗಿತ್ತು, ತಿಳೀತಾ?

ದೀಪಾವಳಿ ಆಗಿ ಹೊಗೆ ಕವ್ಕೊಂಡಿತ್ತು. ಈ ಮಹಾನುಭಾವ ಬಂದ. "ಆಂಟೀ, ಇಲ್ಲಿ ಕೆಫೆ ಮಾಡ್ತೀನಿ, ಮುಂದಿನ ಶೀಟು ಮಾತ್ರ ತೆಗಿಸ್ತೀನಿ, ನೀವು ಹಿಂದೆ ಆರಾಮಾಗಿ ಅಡುಗೆ ಮಾಡ್ಕೊಳ್ಳಿ." ಸರಿ ಅಂದೆ. ತೆಗೆಯೋದು ಅಂದ್ರೆ ಬಿಚ್ಚೋದು ಅನ್ಕೊಂಡೆ. ಭಾನುವಾರ ಮಧ್ಯಾಹ್ನ, ಮಕ್ಕಳು ಊಟಕ್ಕೆ ಕೂತಿದಾರೆ, ರಾಮಾವತಾರ್ ಅಂತ ಕೂಲಿಯವನು ಏಣಿ ಹತ್ತಿ ಗರ್ರ್ ಅಂತ ಗ್ರೈಂಡರ್ ಹಚ್ಚೇಬಿಟ್ಟ. ಅವನ ಹೆಂಡತಿ ಸುನೀತಾ ಚೂರು ಹೊರ್ತಿದಾಳೆ, ಬಾಯಿಗೆ ಸೆರಗು. ಮೈದಾ ಜರಡಿ ಹಿಡಿದಂಗೆ ಧೂಳು. ಅನ್ನದ ಮೇಲೆ, ಸಾರಿನ ಮೇಲೆ, ಮಕ್ಕಳ ತಲೆ ಮೇಲೆ. ನಾನು ಪೊರಕೆ ತಗೊಳಕ್ಕೆ ಓಡಿದೆ. ನಫೀಸಾ ಕೈ ಹಿಡ್ಕೊಂಡ್ಲು. ಧಾರವಾಡದ ಹುಡುಗಿ, ಇಲ್ಲಿ ಗಾಳಿ ಮಾಲಿನ್ಯದ ಮೇಲೆ ಪಿಎಚ್‌ಡಿ ಮಾಡ್ತಿದ್ಲು. "ಕಸಬರಿಗಿ ಮುಟ್ಟಬ್ಯಾಡ್ರಿ ಆಂಟಿ! ಮೊದ್ಲ ಆ ಮಷೀನ್ ನಿಂದ್ರಸ್ರಿ, ಫ್ಯಾನ್ ಬಂದ್ ಮಾಡ್ರಿ. ಎಲ್ಲಾರೂ ಕೆಳಗ ಹೋಗ್ರಿ. ಈ ಆಸ್ಬೆಸ್ಟಾಸ್ ಎಳಿ ಕಣ್ಣಿಗೂ ಕಾಣಂಗಿಲ್ಲ, ಎದಿಯೊಳಗ ಹೊಕ್ಕರ ಹೊರಗ ಬರಂಗಿಲ್ಲ, ಎಷ್ಟೋ ವರ್ಷ ಆದ ಮ್ಯಾಲೆ ಕ್ಯಾನ್ಸರ್ ಆಗಿ ಎದ್ದು ನಿಂದರತದ."

ಅಲ್ಲೇ ನಿಂತು ಕೆಲಸ ಮಾಡಿಸ್ತಿದ್ದ ವಿಕ್ಕಿ ನಕ್ಕ. ಹೆಂಗೆ ನಕ್ಕ ಅಂತೀರಾ, ನಮ್ಮನ್ನ ಹಳ್ಳಿ ಗಮಾರರ ಥರ ನೋಡಿ. "ಅರೇ ಸಿಮೆಂಟ್ ಆಂಟೀ, ಬರೀ ಸಿಮೆಂಟ್. ಕುಛ್ ನಹೀ ಹೋತಾ, ಏನೂ ಆಗಲ್ಲ." ಹಂಗಂತ ಹೇಳಿದ ಬಾಯಿ ಎಲ್ಲಿತ್ತು ಗೊತ್ತಾ? ಮಾಸ್ಕ್ ಒಳಗೆ! ಎರಡು ಫಿಲ್ಟರ್‌ದು, ದುಬಾರಿದು. "ಮತ್ತೆ ನಿನ್ನ ಮುಖದ ಮೇಲೆ ಇದೇನಪ್ಪಾ?" ಅಂದೆ. "ಇದು ಪೊಲ್ಯೂಷನ್‌ಗೆ ಆಂಟೀ." ಬೀದಿ ಹೊಗೆಗೆ ಮಾಸ್ಕು, ಅವನೇ ಎಬ್ಬಿಸಿದ ಧೂಳಿಗೆ ರಾಮಾವತಾರನ ಮೂಗಿಗೊಂದು ಕರ್ಚೀಫು. ಮೈ ಉರಿದುಹೋಯ್ತು. ಧೂಳು ಬಿದ್ದ ಅನ್ನಾನೇ ತಟ್ಟೆಗೆ ಬಡಿಸಿ ಮುಂದಿಟ್ಟೆ. "ಸಿಮೆಂಟಲ್ವಾ, ಉಣ್ಣು. ಮಾಸ್ಕ್ ತೆಗೆದು ಉಣ್ಣು." ಉಣ್ತಾನಾ? ಫೋನ್ ನೋಡ್ಕೊಂಡು ಮೆಟ್ಟಿಲಿಳಿದ. ಅಷ್ಟೇ ಅವನ ಗಂಡಸುತನ.

ರಾಮಾವತಾರ್ ಮಷೀನ್ ನಿಲ್ಲಿಸಿ ಇಳಿದು ಬಂದ. "ಅಮ್ಮಾಜೀ, ನಾನು ಎಷ್ಟೋ ವರ್ಷದಿಂದ ಇದನ್ನೇ ಕುಯ್ತಿದೀನಿ" ಅಂದ. ನಗ್ತಾನೇ ಅಂದ. ಸುನೀತಾ ನಗ್ಲಿಲ್ಲ, ಅವನ ಮುಖಾನೇ ನೋಡ್ತಿದ್ಲು. ಆ ಬಟ್ಟೇಲಿ ಮನೆಗೆ ಹೋದ್ರೆ ಧೂಳು ಮಕ್ಕಳ ಹಾಸಿಗೇಗೂ ಹೋಗತ್ತೆ ಅಂತ ನಫೀಸಾ ಹೇಳಿದ್ಲು. ಇಬ್ಬರಿಗೂ ಸ್ನಾನ ಮಾಡಿಸಿ ನಿಮ್ಮ ತಾತನ ಕುರ್ತಾ, ನನ್ನ ಸೀರೆ ಉಡಿಸಿ ಕಳಿಸಿದ್ವಿ. ಅವರ ಬಟ್ಟೆ, ಮಾಡಿದ ಅಡುಗೆ, ಎಲ್ಲಾ ಒದ್ದೆ ಮಾಡಿ ಕವರಲ್ಲಿ ಕಟ್ಟಿಟ್ವಿ.

ಓನರ್‌ಗೆ ಫೋನ್ ಮಾಡ್ದೆ. ಸರಿಯಾದ ಜನ ಕರೆಸಿ, ಇಲ್ದಿದ್ರೆ ಕಂಪ್ಲೇಂಟ್ ಕೊಡ್ತೀನಿ ಅಂದೆ. "ಸರಿ, ಆದ್ರೆ ಆಗ ಹಿಂದಿನ ಶೀಟೂ ತೆಗೆಸ್ಬೇಕು, ನಿಮ್ಮ ಮೆಸ್ಸೂ ಮುಚ್ಚುತ್ತೆ, ಯೋಚನೆ ಮಾಡಿ." ಮುಚ್ಚಲಿ ಅಂದೆ. ಆಮೇಲೆ ಇದೇ ಕೆಲಸಕ್ಕೆ ಲೈಸೆನ್ಸ್ ಇದ್ದೋರು ಬಂದ್ರು, ಮೈ ತುಂಬಾ ಬಿಳಿ ಸೂಟು. ಕುಯ್ಲಿಲ್ಲ, ಒಡೀಲಿಲ್ಲ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಶೀಟನ್ನ ಇಡಿಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಲ್ಲಿ ಎರಡೆರಡು ಸಲ ಸುತ್ತಿ, ನಾವು ಕಟ್ಟಿಟ್ಟ ಕವರುಗಳನ್ನೂ ಸೇರಿಸಿ ಅಪಾಯದ ಕಸದ ಗಾಡೀಲಿ ಒಯ್ದರು. ನೆಲಾನ ಒದ್ದೆ ಬಟ್ಟೇಲಿ ಒರೆಸಿ ಆ ಬಟ್ಟೇನೂ ತಗೊಂಡು ಹೋದ್ರು. ಇಷ್ಟೇ ಕೆಲಸ. ಮೊದ್ಲೇ ಮಾಡಿದ್ರೆ ವಿಕ್ಕಿಯ ಗಂಟೇನು ಹೋಗ್ತಿತ್ತು?

ಮೆಸ್ ಮುಚ್ಚಿತು. ಹಿಂದಿನ ಗಲ್ಲಿಯ ನೆಲಮಹಡೀಲಿ ಮತ್ತೆ ಶುರು ಮಾಡೋ ಹೊತ್ತಿಗೆ ಅರ್ಧ ಮಕ್ಕಳು ಬೇರೆ ಕಡೆ ಹೋಗಿದ್ರು. ವಿಕ್ಕಿಗೇನಾಯ್ತು? ಏನೂ ಆಗ್ಲಿಲ್ಲ. ಕೆಫೆ ತೆಗೆದ, ಹೊರಗೆ "ಶುದ್ಧ ಗಾಳಿ, ಶುದ್ಧ ಊಟ" ಅಂತ ಬೋರ್ಡ್ ಬೇರೆ. ಥೂ. ರಾಮಾವತಾರ್ ಎಲ್ಲಿದಾನೋ, ಇನ್ಯಾರ ಏಣಿ ಮೇಲಿದಾನೋ. ಅದೊಂದು ನೆನೆಸ್ಕೊಂಡ್ರೆ ಅನ್ನ ಇಳಿಯಲ್ಲ.

ಚಲೋ, ಏಳಿ. ಮನೇಲಿ ಏನೇ ಒಡೆಯೋಕೂ ಮುಂಚೆ ಅದು ಏನು ಅಂತ ಕೇಳಿ. ಕೇಳಿದ್ದಕ್ಕೆ ನಗೋನ ಕೈಗೆ ಮಾತ್ರ ಸುತ್ತಿಗೆ ಕೊಡಬೇಡಿ.