ಬೆನ್ನಿಗೆ ಹತ್ತು ಜೇನು

ಅದಾ? ಅದೇನಿಲ್ಲ ವೆಂಡೆಲ್, ಬಿಸಿನೀರಿನ ಚೀಲ. ಬೆಳಗ್ಗೆ ಬೆನ್ನಿಗೆ ಒತ್ತಿಕೊಂಡು ಕೂತಿದ್ದೆ, ಒಂದು ಬೊಬ್ಬೆ ಎದ್ದಿದೆ ಅಷ್ಟೆ. ಉರೀತು, ಯಾಕೆ ಉರಿಯಲ್ಲ... ಅದನ್ನ ಬಿಟ್ಟು ಪಕ್ಕದಲ್ಲಿ ಮಾಡು. ಮೂಳೆಯಿಂದ ಒಂದು ಇಂಚು ಆಚೆ. ಏಪ್ರಿಲ್‌ನಿಂದ ವಾರಕ್ಕೆ ಮೂರು ದಿನ ಮಾಡ್ತಿದ್ದೀಯ, ಇನ್ನೂ ಆ ಚುಚ್ಚೋ ಜಾಗದ ನಕ್ಷೆ ನೋಡ್ತೀಯಲ್ಲ ಮಾರಾಯ. ಇಂಜೆಕ್ಷನ್ ಇಲ್ಲೇ ಮೇಜಿನ ಮೇಲಿದೆ. ಉಸಿರು ಕಟ್ಟಿದರೆ ತೊಡೆಗೆ ಚುಚ್ಚೋದು, ಗೊತ್ತು. ಕುರ್ಚಿ ಬೆನ್ನಿಗೆ ಗಲ್ಲ ಊರಿ ಕೂತಿದ್ದೀನಿ, ಅಲುಗಾಡಲ್ಲ. ಹೂಂ, ಜಾಡಿಯಿಂದ ಚಿಮಟದಲ್ಲಿ ಹಿಡಿ ಮೊದಲನೇ ಜೇನುಹುಳ.

ಸ್ಸ್... ಒಂದು.

ಇವತ್ತು ಖಾರವಾಗಿವೆ ನಿನ್ನ ಜೇನು. ಆ ಹುಳಕ್ಕೆ ಸಾರಿ ಅನ್ನಲಿಲ್ವಾ? ಯಾಕೆ, ಪ್ರತಿ ಸಲ ಅಂತಿದ್ದೆಯಲ್ಲ. ಚುಚ್ಚಿ ಸಾಯೋ ಹುಳಕ್ಕೆ ಸಾರಿ, ಚುಚ್ಚಿಸಿಕೊಳ್ಳೋ ಹೆಂಡತಿಗೆ 'ಅಲುಗಾಡಬೇಡ ಅಡಿಲೇಡ್'. ನಾನೇನೂ ದೂರ್ತಿಲ್ಲ. ಹುಳಕ್ಕೆ ನನಗಿಂತ ಹೆಚ್ಚು ನಷ್ಟ.

ಸ್ಸ್... ಎರಡು.

ನಿನ್ನೆ ಚರ್ಚಿನಲ್ಲಿ ಲೈಮ್ ರೋಗಿಗಳ ಸಭೆಗೆ ನೀನು ಯಾಕೆ ಬರಲಿಲ್ಲ ಅಂತ ಸಭೆ ನಡೆಸೋ ಬರ್ನಿಸ್ ನನ್ನನ್ನ ಕೇಳಿದಳು. ಜೇನುಗೂಡಿಗೆ ಸಕ್ಕರೆ ಪಾಕ ಹಾಕಬೇಕಿತ್ತು ಅಂದೆ. ತಪ್ಪಿಹೋಯ್ತು ನಿನಗೆ... ಒಳ್ಳೆ ಸಭೆ. ಆ ನೆಲಮಾಳಿಗೆಯಲ್ಲಿ ಹದಿನಾಲ್ಕು ಜನ ಮಡಿಸೋ ಕುರ್ಚಿ ಹಾಕ್ಕೊಂಡು ದುಂಡಗೆ ಕೂತಿದ್ದೆವು. ಒಬ್ಬ ಹೊಸಬ, ಬಡಗಿ ಕೆಲಸದವನು, ಎದ್ದು ನಿಂತು, ಹೊಸ ಔಷಧ ತಗೊಂಡ ಮೇಲೆ ಐದು ದಿನ ಹಾಸಿಗೆಯಿಂದ ಏಳೋಕೇ ಆಗಲಿಲ್ಲ, ಕನ್ನಡಿಯಲ್ಲಿ ಮುಖ ಗುರುತು ಸಿಗಲಿಲ್ಲ ಅಂದ. ನಾವೆಲ್ಲ ಚಪ್ಪಾಳೆ ಹೊಡೆದೆವು. ಪಾಪ, ಅವನಿಗೆ ಗಾಬರಿಯಾಯ್ತು. ಬರ್ನಿಸ್ ಹತ್ತಿರ ಕೂರಿಸಿಕೊಂಡು ಹೇಳಿಕೊಟ್ಟಳು: ಇದಕ್ಕೆ ಹರ್ಕ್ಸ್ ಅಂತಾರೆ, ರೋಗದ ಹುಳುಗಳು ಸಾಯುವಾಗ ವಿಷ ಕಾರ್ತವೆ, ಸಂಕಟ ಹೆಚ್ಚಾದಷ್ಟೂ ಔಷಧ ಕೆಲಸ ಮಾಡ್ತಿದೆ ಅಂತ ಅರ್ಥ. ಆಮೇಲೆ ಒಬ್ಬಳು, ಈ ವಾರ ಸ್ವಲ್ಪ ಹಗುರ ಅನಿಸ್ತಿದೆ ಅಂದಳು. ಎಲ್ಲರೂ ತಲೆ ತಗ್ಗಿಸಿದರು. ಔಷಧ ಬದಲಾಯಿಸು ಅಂತ ಬರ್ನಿಸ್ ಹೇಳಿದಳು.

ನಗ್ತಿದ್ದೀಯ ಅಂದುಕೊಂಡೆ. ನಗಲಿಲ್ವಾ? ಇರಲಿ.

ಸ್ಸ್... ಮೂರು. ಅಬ್ಬಾ.

ನನ್ನ ಸರದಿ ಬಂತು. ಒಂದೊಂದು ಮುಳ್ಳೂ ಕೆಂಡ ಇಟ್ಟ ಹಾಗೆ ಉರಿಯುತ್ತೆ ಅಂದೆ. ಬಡಗಿಗಿಂತ ದೊಡ್ಡ ಚಪ್ಪಾಳೆ. ನಾಚಿಕೆಯಾಯ್ತು ಅನ್ನು, ಆದರೆ ಬಡ್ತಿ ಸಿಕ್ಕಿದವರ ಹಾಗೆ ಕೂತೆ.

ಯಾರು, ನರದ ಡಾಕ್ಟರಾ? ಜೂನ್‌ನಲ್ಲಿ ನೋಡಿದ್ದು ಈಗ ಯಾಕೆ? ಅವರು ಏನೂ ಹೇಳಲಿಲ್ಲ ಅಂತ ಆವತ್ತೇ ಹೇಳಿದೆನಲ್ಲ. ಸುತ್ತಿಗೆಯಲ್ಲಿ ಮಂಡಿ ತಟ್ಟಿದರು, ಕಣ್ಣು ಮುಚ್ಚಿಸಿ ಕಾಲು ಬೆರಳು ಮೇಲೋ ಕೆಳಗೋ ಅಂತ ಕೇಳಿದರು. ನಾನು ಲೈಮ್ ಅಂದ ಕೂಡಲೇ ಎಲ್ಲರಂತೆ ಅವರೂ ಗಡಿಯಾರ ನೋಡಿದರು. ಈ ರೋಗಕ್ಕೆ ಹೆಸರು ಕೊಟ್ಟ ಊರು ಇಲ್ಲಿಂದ ಇಪ್ಪತ್ತು ನಿಮಿಷ, ಆದರೂ ಇಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ಲೈಮ್ ಅಂದರೆ ಗಡಿಯಾರ ನೋಡ್ತಾರೆ. ನಮ್ಮ ನಾಯಿಗೆ ಬಂದಾಗ ನೋಡು... ಒಂದು ತಿಂಗಳ ಮಾತ್ರೆ, ಎದ್ದು ಓಡಾಡಿತು. ಮನಸ್ಸಿಗೆ ಏನಾದರೂ ಚಿಂತೆಯಿದೆಯಾ ಅಂತ ನಾಯಿಯನ್ನ ಯಾರೂ ಕೇಳಲಿಲ್ಲ.

ಸ್ಸ್... ನಾಲ್ಕು.

ನಾವೂ ಏನು ಕಮ್ಮಿ ಮಾಡಲಿಲ್ಲ. ತೋಳಿಗೆ ನಳಿಗೆ ಹಾಕಿಸಿಕೊಂಡು ಐದು ತಿಂಗಳು ಔಷಧ ಇಳಿಸಿಕೊಂಡೆ, ಸ್ನಾನ ಮಾಡುವಾಗ ಆ ಕೈಗೆ ಬ್ರೆಡ್ಡಿನ ಚೀಲ ಕಟ್ತಿದ್ದೆ ನೀನು. ರೋಗದ ಹುಳುಗಳಿಗೆ ಸಕ್ಕರೆ ಸಿಗಬಾರದು ಅಂತ ನಿನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ಹೂಕೋಸಿನ ಕೇಕು. ಅದನ್ನ ತಿಂದೆಯಲ್ಲ, ಅಂಥ ಗಂಡ ಯಾರಿಗೆ ಸಿಗ್ತಾನೆ? ಇನ್ನು ಆ ಬೇರಿನ ಕಷಾಯ... ಹಿತ್ತಲಲ್ಲಿ ಹತ್ತು ವರ್ಷ ಗುದ್ದಲಿ ಹಿಡಿದು ಕಿತ್ತು ಸುಟ್ಟೆ ನೀನು, ಆ ಹಾಳು ಕಳೆಯನ್ನ. ಆಮೇಲೆ ಅದರ ಬೇರೇ ನನಗೆ ಮದ್ದು ಅಂತ ಗೊತ್ತಾಗಿ, ದೇಶದ ಆ ತುದಿಯಿಂದ ಸೀಸೆಯಲ್ಲಿ ತರಿಸಿದೆವು.

ಅದಕ್ಕೂ ನಗಲಿಲ್ಲ. ಸರಿ.

ಸ್ಸ್... ಐದು. ಇದು ಚೆನ್ನಾಗಿ ಇಳೀತು.

ಏನು? ಎಲ್ಲಿ ಅಂದರೆ... ಬಲಗಡೆ. ಅಲ್ವಾ? ಹಾಗಾದರೆ ಎಡ. ಉರಿ ಹರಡಿಕೊಂಡ ಮೇಲೆ ಎಡ ಯಾವುದು ಬಲ ಯಾವುದು, ನೀನೊಬ್ಬ. ಹೂಂ, ಮುಂದಿನದು. ಮಂಜುಗಡ್ಡೆ ಉಜ್ಜಿದೆಯಾ? ಉಜ್ಜಿದೆ, ಹೌದು, ಗೊತ್ತಾಯ್ತು, ತಣ್ಣಗಿತ್ತು.

ಸ್ಸ್... ಆರು.

ನೋಡು, ಈ ಕಿಟಕಿಯಿಂದ ನಿನ್ನ ಎರಡು ಗೂಡೂ ಕಾಣ್ತವೆ. ಕಲ್ಲುಗೋಡೆ ಮೇಲೆ ಜಿಂಕೆ ಜಿಗಿದರೂ ಅವಕ್ಕೆ ಲಕ್ಷ್ಯವಿಲ್ಲ. ಏಳು ವರ್ಷದ ಹಿಂದೆ ಅದೇ ಗೋಡೆ ಹತ್ತಿರ ಎಲೆ ಗುಡಿಸುವಾಗ ನನಗೆ ಈ ಲೈಮ್ ಅಂಟಿಸಿದ ಉಣುಗು ಕಚ್ಚಿದ್ದು. ಗಸಗಸೆ ಕಾಳಿನಷ್ಟಿತ್ತು. ನೀನೇ ಕಿತ್ತು ತೆಗೆದೆ, ಇದೇ ಚಿಮಟದಲ್ಲಿ.

ಸ್ಸ್... ಏಳು.

ಮಾತಾಡು ಏನಾದರೂ. ನಾನೊಬ್ಬಳೇ ಬಡಬಡಿಸ್ತಿದ್ದೀನಿ.

ಸ್ಸ್... ಎಂಟು. ಅಬ್ಬಬ್ಬಾ, ಎಂಟನೇದು ಯಾವಾಗಲೂ...

ವೆಂಡೆಲ್? ಎಂಟು ಅಂದೆ. ಇನ್ನೂ ಎರಡಿದೆ, ಎಲ್ಲಿಗೆ ಎದ್ದೆ? ಜಾಡಿ ಯಾಕೆ ಇಲ್ಲಿ ತಂದಿಡ್ತಿದ್ದೀಯ, ನನ್ನ ಮುಂದೆ?

ಮುಚ್ಚಳ ಹಾಕಿಯೇ ಇದೆ.

ಮೂರು, ನಾಲ್ಕು... ತಳದಲ್ಲಿ ಮತ್ತೆರಡು... ಎಂಟು, ಒಂಬತ್ತು... ಹತ್ತೂ ಇವೆ. ಹತ್ತೂ ಓಡಾಡ್ತಿವೆ.

ಬರೀ ಚಿಮಟ ತಾಗಿಸ್ತಿದ್ದೆಯಾ? ಅದೂ ಇಲ್ವಾ?

ನನ್ನ ನಟನೆ ಪರವಾಗಿಲ್ಲ ಅಲ್ವಾ. ಶಾಲೆ ನಾಟಕದಲ್ಲಿ ನನಗೆ ಮರದ ಪಾತ್ರ ಕೊಟ್ಟಿದ್ದರು... ಹಾಗೆ ನೋಡಬೇಡ. ಬೈಯಬಹುದು ನೀನು. ಬೈದರೆ ನಾನೂ ಏನಾದರೂ ಹೇಳಬಹುದು.

ಹುಳ ಇಡೋ ಮೊದಲು ನೀನು ಉಸಿರು ಬಿಗಿ ಹಿಡೀತೀಯ, ಗೊತ್ತಾ ನಿನಗೆ? ಇಟ್ಟ ಮೇಲೆ ಬಿಡ್ತೀಯ. ಆಗ ನಾನು ಸ್ಸ್ ಅಂತೀನಿ. ಆಗಸ್ಟ್‌ನಿಂದ ಹಾಗೆ. ಇವತ್ತೂ ಹಿಡಿದು ಬಿಟ್ಟೆ ನೀನು, ಎಂಟು ಸಲ. ನಿನ್ನದೂ ಒಳ್ಳೆ ನಟನೆಯೇ.

ಬೊಬ್ಬೆ ಉರೀಲಿಲ್ಲ. ಕನ್ನಡಿಯಲ್ಲಿ ನೋಡಿದಾಗಲೇ ಗೊತ್ತಾಗಿದ್ದು.

ಡಾಕ್ಟರು ಹೇಳಿದ್ದರು. ಇದು ಉಣುಗಿನದಲ್ಲ, ಬೆನ್ನುಹುರಿಯಲ್ಲೇ ಏನೋ ಬೆಳೀತಿರೋ ಹಾಗಿದೆ, ಸ್ಕ್ಯಾನ್ ಆಗಲಿ ಅಂದರು. ಜೋಮು ಸೊಂಟದಿಂದ ಮೇಲೇರಿದರೆ ಒಂದು ದಿನವೂ ಕಾಯದೆ ಬನ್ನಿ ಅಂದರು. ಗಡಿಯಾರ ನೋಡಲಿಲ್ಲ. ನೋಡಿದರು ಅಂದಿದ್ದು ಸುಳ್ಳು. ಒಂದು ಗಂಟೆ ಕೂರಿಸಿಕೊಂಡು ಮಾತಾಡಿದರು, ಕೊನೆಗೆ ಬಾಗಿಲವರೆಗೂ ಬಂದರು. ಡಾಕ್ಟರು ಬಾಗಿಲವರೆಗೆ ಬಂದರೆ ಏನು ಅಂತ ನನಗೆ ಗೊತ್ತಾಗಲ್ವಾ? ಕಾರಿನಲ್ಲಿ ಕೂತಾಗ ನೀನು ಫೋನ್ ಮಾಡಿದೆ. ಎರಡನೇ ಗೂಡೂ ತುಂಬಿಕೊಂಡಿದೆ ಅಡಿಲೇಡ್, ಚಳಿಗಾಲದವರೆಗೂ ನಿನಗೆ ಸಾಲುತ್ತೆ ಅಂದೆ. ಏನಂದರು ಡಾಕ್ಟರು ಅಂತ ಕೇಳಿದ್ದು ಅದಾದ ಮೇಲೆ.

ಲೈಮ್ ಆದರೆ ಇನ್ನೊಂದು ಮದ್ದು ಇರುತ್ತಲ್ಲ ವೆಂಡೆಲ್. ಜೇನು ಆಗಲಿಲ್ವಾ, ಇನ್ನೇನೋ ಬೇರು, ಇನ್ನೇನೋ ಕರೆಂಟಿನ ಪೆಟ್ಟಿಗೆ. ಬರ್ನಿಸ್ ಹತ್ತಿರ ಪಟ್ಟಿಯೇ ಇದೆ, ಅದು ಮುಗಿಯಲ್ಲ. ಅದು ಮುಗಿಯಲ್ಲ ಅಂತ ತಾನೆ ಎಲ್ಲರೂ ಆ ಕುರ್ಚಿ ಮೇಲೆ ಕೂರೋದು.

ಜೋಮು ಎಲ್ಲಿವರೆಗೆ ಬಂದಿದೆ ಅಂತ ಕೇಳು. ಕೇಳಲ್ವಾ?

ಸರಿ, ಹಿಂದೆ ಬಾ. ಕೈ ಇಡು. ಸೊಂಟದಲ್ಲಲ್ಲ, ಅದು ಹೋಗಿ ಬಹಳ ದಿನವಾಯ್ತು. ಮೇಲೆ, ಭುಜದ ಎಲುಬಿನ ಹತ್ತಿರ. ಅಲ್ಲಿ ನನಗೆ ಗೊತ್ತಾಗುತ್ತೆ. ಭಾನುವಾರ ಗೊತ್ತಾಗ್ತಿತ್ತು. ಅಳೋದು ಆಮೇಲೆ ಅಳು, ನಾನೂ ಅಳ್ತೀನಿ. ಮೊದಲು ಕೈ ಇಡು. ಅಂಗೈ ಪೂರ್ತಿ.

ಇಡು ವೆಂಡೆಲ್.

...

ಇಟ್ಟೆಯಾ?